ಹೆಡ್ಲಿ ಬಂಟಿಂಗನ ಹನ್ನೆರಡು ಧನ್ಯವಾದ ಪತ್ರಗಳು

ಇಂಗ್ಲೆಂಡಿನ ನಮ್ಮ ಹ್ಯಾಸಲ್‌ಫರ್ಡಿನಲ್ಲಿ ಊಟದ ವಿಷಯಕ್ಕೆ ಯಾರೂ ನಿಜ ಹೇಳಿದ್ದು ನನಗೆ ಗೊತ್ತಿಲ್ಲ. ತಣ್ಣಗಾದ ಟೀ ಕೊಟ್ಟರೂ ‘ಬಹಳ ಚೆನ್ನಾಗಿದೆ’ ಅನ್ನುತ್ತೇವೆ, ಸೀದುಹೋದ ಕೇಕಿಗೂ ಅದನ್ನೇ ಅನ್ನುತ್ತೇವೆ. ಪಾದ್ರಿಗಳ ಹೆಂಡತಿ ಮಾಡುವ ಮೀನಿನ ಪೈಯನ್ನು ಇಪ್ಪತ್ತು ವರ್ಷದಿಂದ ಇಡೀ ಊರು ಹೊಗಳಿಕೊಂಡು ಬಂದಿದೆ. ಆ ಇಪ್ಪತ್ತು ವರ್ಷದಲ್ಲಿ ಎರಡನೇ ತುಂಡು ತಿಂದವರು ಒಬ್ಬರೂ ಇಲ್ಲ. ಇದಕ್ಕೆ ನಾವು ಸಭ್ಯತೆ ಎಂದು ಹೆಸರಿಟ್ಟುಕೊಂಡಿದ್ದೇವೆ. ಈ ಸಭ್ಯತೆ ಊರೊಳಗೇ ಇದ್ದರೆ ಯಾರಿಗೂ ತೊಂದರೆಯಿಲ್ಲ, ಏಕೆಂದರೆ ಹೇಳುವವರಿಗೂ ಕೇಳುವವರಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ. ಆದರೆ ಅದನ್ನು ಅಂಚೆಯಲ್ಲಿ ಫ್ರಾನ್ಸಿಗೆ ಕಳಿಸಬಾರದು. ಹೆಡ್ಲಿ ಬಂಟಿಂಗ್ ಕಳಿಸಿದ.

ಹೆಡ್ಲಿ ಜಿಲ್ಲಾ ಬಸ್ ಕಚೇರಿಯಲ್ಲಿ ಮೂವತ್ತಾರು ವರ್ಷ ವೇಳಾಪಟ್ಟಿ ಬರೆದು ನಿವೃತ್ತನಾದವನು. ಆ ವೇಳಾಪಟ್ಟಿಯಂತೆ ಒಂದು ಬಸ್ಸಾದರೂ ಬಂದದ್ದಿಲ್ಲ. ಆದರೂ ಬೀಳ್ಕೊಡುಗೆಯ ದಿನ ಎಲ್ಲರೂ ಅದನ್ನು ಹೊಗಳಿದರು, ಅವನು ನಂಬಿದ. ನಿವೃತ್ತಿಯಾದ ಮರುವಾರವೇ ಒಂದು ಫ್ರೆಂಚ್ ಟೋಪಿ ಕೊಂಡುಕೊಂಡು, ಶನಿವಾರದ ಸಂತೆಯಲ್ಲಿ ಮೊಟ್ಟೆ ಮಾರುವವಳಿಗೂ ‘ಬೊಂಜೂರ್’ ಎನ್ನುತ್ತಾ ತಿರುಗತೊಡಗಿದ. ನಮ್ಮೂರಿಗೂ ಫ್ರಾನ್ಸಿನ ವಿಲ್‌ಬ್ರುನ್ ಎಂಬ ಊರಿಗೂ ಅವಳಿ ಊರಿನ ಸಂಬಂಧ. ಒಂದು ವರ್ಷ ಅವರು ಬಸ್ಸು ತುಂಬಿಕೊಂಡು ಬಂದು ನಮ್ಮ ಮನೆಗಳಲ್ಲಿ ಶನಿವಾರ ಭಾನುವಾರ ಇದ್ದು ಹೋಗುತ್ತಾರೆ, ಮರುವರ್ಷ ನಾವು ಹೋಗಿ ಅವರ ಮನೆಗಳಲ್ಲಿ ಇದ್ದು ಬರುತ್ತೇವೆ. ಇದನ್ನು ನಡೆಸುವುದು ಅವಳಿ ಊರು ಸಂಘ. ಅದರ ಕಾರ್ಯದರ್ಶಿ ನಾನು. ಸಭೆಯಲ್ಲಿ ನಡೆದದ್ದನ್ನು ನಡೆಯಲಿಲ್ಲವೆಂಬಂತೆ ಬರೆದಿಡುವುದು ನನ್ನ ಕೆಲಸ.

ಪುರಭವನದ ಗೋಡೆಯ ಮೇಲೆ ಒಂದು ಓಕ್ ಮರದ ಹಲಗೆ ಇದೆ. ಸಂಘದ ಅಧ್ಯಕ್ಷರಾದವರ ಹೆಸರುಗಳನ್ನು ಅದರಲ್ಲಿ ಚಿನ್ನದ ಬಣ್ಣದಲ್ಲಿ ಬರೆಸುತ್ತಾರೆ. ಕೊನೆಯ ಹೆಸರು ಮೇಜರ್ ವಿಂಡಮ್ ಅವರದು. ಅದರ ಕೆಳಗಿನ ಖಾಲಿ ಜಾಗವನ್ನು ಹೆಡ್ಲಿ ಹನ್ನೊಂದು ವರ್ಷದಿಂದ ಕರವಸ್ತ್ರದಲ್ಲಿ ಒರೆಸುತ್ತಿದ್ದ. ಅವನಿಗೆ ಬದುಕಿನಲ್ಲಿ ಬೇಕಾದದ್ದು ಅಷ್ಟೇ, ಆ ಹಲಗೆಯಲ್ಲಿ ಒಂದು ಸಾಲು.

ಎರಡು ವರ್ಷದ ಹಿಂದೆ ಅವನ ಮನೆಗೆ ಅತಿಥಿಗಳಾಗಿ ಬಂದವರು ಲ್ಯೂಸಿಯಾನ್ ಮೊದ್ವಿ ಮತ್ತು ಅವನ ಹೆಂಡತಿ ಜೋಸಿಯಾನ್. ಮೊದ್ವಿ ವಿಲ್‌ಬ್ರುನ್‌ನಲ್ಲಿ ಹಂದಿ ಮಾಂಸದ ಅಂಗಡಿ ಇಟ್ಟವನು, ಅಡ್ಡಗಲದ ಆಸಾಮಿ, ದಪ್ಪ ಮೀಸೆ. ಯೌವನದಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆದು ಇಂಗ್ಲಿಷ್ ಕಲಿತಿದ್ದ. ಉಡುಗೊರೆಯಾಗಿ ಅವನು ತಂದದ್ದು ತನ್ನ ಅಂಗಡಿಯ ಹೆಮ್ಮೆಯಾದ ಆಂದುಯೆತ್. ಅದು ಸಾಸೇಜು. ಹಂದಿಯ ಕರುಳಿನೊಳಗೆ ಹಂದಿಯ ಕರುಳನ್ನೇ ತುಂಬಿ ಕಟ್ಟಿದ್ದು. ಅದು ಯಾವ ವಾಸನೆ ಬರುತ್ತದೆಂದು ನಾನು ಇಲ್ಲಿ ಬರೆಯುವುದಿಲ್ಲ, ಕರುಳಿನಲ್ಲಿ ಏನಿರುತ್ತದೆಂದು ಎಲ್ಲರಿಗೂ ಗೊತ್ತು.

ಮೊದಲ ತುತ್ತಿಗೇ ಹೆಡ್ಲಿಯ ಕಣ್ಣಲ್ಲಿ ನೀರು ಬಂತಂತೆ. ಅವನ ಹೆಂಡತಿ ಮ್ಯೂರಿಯಲ್ ಎದ್ದು ಹೋಗಿ ಅಡುಗೆಮನೆಯ ಕಿಟಕಿ ತೆರೆದು, ಅಲ್ಲೇ ನಿಂತುಬಿಟ್ಟಳು.

“ಹೇಗಿದೆ, ಗೆಳೆಯಾ?” ಎಂದು ಮೊದ್ವಿ ಕೇಳಿದ. “ಮನಸ್ಸಿನಲ್ಲಿರೋದು ಹೇಳು. ನಾವು ಫ್ರೆಂಚರು, ಬೇಜಾರು ಮಾಡ್ಕೊಳಲ್ಲ.”

ಹೆಡ್ಲಿ ಕಣ್ಣೊರೆಸಿಕೊಂಡು, “ಬಹಳ ಚೆನ್ನಾಗಿದೆ. ಇನ್ನೊಂದು ತುಂಡು ಸಿಗಬಹುದಾ?” ಎಂದ.

ಇಷ್ಟಕ್ಕೇ ನಿಂತಿದ್ದರೆ ಎರಡು ತುಂಡಿನಲ್ಲಿ ಕಥೆ ಮುಗಿಯುತ್ತಿತ್ತು. ಆದರೆ ನಮ್ಮಲ್ಲಿ ಧನ್ಯವಾದ ಪತ್ರ ಎಂಬುದೊಂದಿದೆ. ಭಾನುವಾರ ಉಡುಗೊರೆ ಬಂದರೆ ಮಂಗಳವಾರದೊಳಗೆ ಪತ್ರ ಹೋಗಬೇಕು. ‘ನಿಮ್ಮ ಉಡುಗೊರೆಗೆ ವಂದನೆ’ ಎಂದಷ್ಟೇ ಬರೆಯುವವನು ಒರಟ. ಉಡುಗೊರೆಯ ಹೆಸರು ಹಿಡಿದು ಬರೆಯಬೇಕು, ಅದನ್ನು ಹೇಗೆ ಬಳಸಿದೆವೆಂದು ಬರೆಯಬೇಕು, ಅದು ತೀರಿಹೋದದ್ದಕ್ಕೆ ಒಂದಿಷ್ಟು ದುಃಖವನ್ನೂ ಪಡಬೇಕು. ನಮ್ಮ ತಾಯಂದಿರು ನಮಗೆ ಅಕ್ಷರ ಕಲಿಸುವುದೇ ಇದಕ್ಕಾಗಿ. ಹೆಡ್ಲಿ ತಾಯಿ ಕಲಿಸಿದಂತೆಯೇ ಬರೆದ: “ಪ್ರೀತಿಯ ಲ್ಯೂಸಿಯಾನ್, ನಿಮ್ಮ ಆಂದುಯೆತ್ ಕೊನೆಯ ಚೂರಿನವರೆಗೂ ಮುಗಿದುಹೋಯಿತು. ತಟ್ಟೆ ನೋಡಿದರೆ ಸಂಕಟವಾಗುತ್ತದೆ.”

ನಮ್ಮೂರಿನವನಾಗಿದ್ದರೆ ಇದನ್ನು ಓದಿ ಒಲೆಗೆ ಹಾಕುತ್ತಿದ್ದ. ಮೊದ್ವಿ ಓದಿ ನಂಬಿದ. ಗೆಳೆಯನಿಗೆ ಸಂಕಟವಾಗಿದೆ ಎಂದು ಅಂಗಡಿಯಲ್ಲಿದ್ದ ಹೆಂಗಸರಿಗೆಲ್ಲ ಹೇಳಿದ. ಎಂಟನೇ ದಿನ ಹೆಡ್ಲಿಯ ಬಾಗಿಲಿಗೆ ಒಂದು ಪೊಟ್ಟಣ ಬಂತು. ಮೇಣದ ಕಾಗದದಲ್ಲಿ ಸುತ್ತಿ ಬಟ್ಟೆಯ ಚೀಲದಲ್ಲಿ ಹೊಲಿದ ಆರು ಸಾಸೇಜು. ಒಂದೊಂದರ ದಾರಕ್ಕೂ ಹಂದಿಯ ಚಿತ್ರವಿದ್ದ ಪುಟ್ಟ ತಗಡಿನ ಬಿಲ್ಲೆ.

ಪೊಟ್ಟಣಕ್ಕೆ ಧನ್ಯವಾದ ಪತ್ರ ಬರೆಯಬೇಕಲ್ಲ? ಬರೆದ. ಹಿಂದಿನದಕ್ಕಿಂತ ಕಡಿಮೆ ಹೊಗಳಿದರೆ ಏನೋ ಕೊರತೆಯಾಯಿತೆಂದು ಅರ್ಥವಾದೀತೆಂದು ಇನ್ನೂ ಒಂದು ಹಿಡಿ ಹೆಚ್ಚಾಗಿಯೇ ಹೊಗಳಿದ. ಅದಕ್ಕೆ ಇನ್ನೂ ದೊಡ್ಡ ಪೊಟ್ಟಣ ಬಂತು. ಪತ್ರ ಹೋದರೆ ಪೊಟ್ಟಣ ಬರುತ್ತದೆ ಎಂಬ ಗುಟ್ಟು ಮೂರನೇ ಸಲಕ್ಕೇ ಅವನಿಗೆ ಹೊಳೆಯಿತು. ಮೂವತ್ತಾರು ವರ್ಷ ವೇಳಾಪಟ್ಟಿ ಬರೆದವನಲ್ಲವೇ.

“ಹಾಗಾದ್ರೆ ಬರೀಬೇಡ,” ಎಂದಳು ಮ್ಯೂರಿಯಲ್.

“ಬರೀದೆ ಇರೋದಾ? ಉಡುಗೊರೆ ಇಸ್ಕೊಂಡು?”

“ಇಲ್ಲಾಂದ್ರೆ ನಿಜ ಬರಿ. ನಮಗೆ ಹಿಡಿಸಲಿಲ್ಲ, ದಯವಿಟ್ಟು ಕಳಿಸಬೇಡಿ ಅಂತ. ಒಂದು ಸಾಲು.”

ಹೆಡ್ಲಿ ಅವಳನ್ನು, ಪಾದ್ರಿಗೆ ಕಲ್ಲು ಹೊಡೆ ಎಂದು ಹೇಳಿದವಳನ್ನು ನೋಡುವಂತೆ ನೋಡಿದ. ಮೂವತ್ತು ವರ್ಷ ಅವಳು ಮಾಡಿದ ಅಡುಗೆಯನ್ನೂ ಅವನು ಹೀಗೇ ಹೊಗಳಿಕೊಂಡು ಬಂದಿದ್ದ ಎಂಬುದು ಅವಳಿಗೆ ಆ ದಿನ ಹೊಳೆಯಿತಂತೆ. ಒಂದು ವಾರ ಅವನಿಗೆ ಬರೀ ಬ್ರೆಡ್ಡು ಬೆಣ್ಣೆ.

ಎರಡು ವರ್ಷದಲ್ಲಿ ಹತ್ತು ಪೊಟ್ಟಣ ಬಂದವು, ಹನ್ನೊಂದು ಪತ್ರ ಹೋದವು. ಪೋಸ್ಟ್‌ಮನ್ ಪೊಟ್ಟಣವನ್ನು ಸೈಕಲ್ಲಿಗೆ ಕಟ್ಟಲು ಒಪ್ಪದೆ, ಕೋಲಿನ ತುದಿಗೆ ಸಿಕ್ಕಿಸಿ ತಂದ. ಅಂಚೆ ಕಚೇರಿಯ ಒಡತಿ, “ಬಂಟಿಂಗ್ ಅವರೇ, ನಿಮ್ಮ ಪಾರ್ಸೆಲ್ಲು ಹಿತ್ತಲಲ್ಲಿ ಇಟ್ಟಿದೀನಿ. ಯಾರಾದ್ರೂ ತೀರ್ಕೊಂಡಿದಾರಾ, ಪಾಪ?” ಎಂದು ಮೆಲ್ಲಗೆ ಕೇಳಿದಳು. ನಡುವೆ ಒಂದು ವಸಂತದಲ್ಲಿ ನಾವೆಲ್ಲ ವಿಲ್‌ಬ್ರುನ್‌ಗೆ ಹೋಗುವ ಸರದಿ ಬಂದಾಗ ಹೆಡ್ಲಿಗೆ ಸರಿಯಾಗಿ ಹೊರಡುವ ದಿನವೇ ಜ್ವರ ಬಂತು. ಮಾರನೆಯ ದಿನ ಹೋಯಿತು.

ಬಂದ ಸಾಸೇಜನ್ನೆಲ್ಲ ಅವನು ಏನು ಮಾಡಿದ? ಕಸದ ತೊಟ್ಟಿಗೆ ಹಾಕಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಊರಾಚೆ ಪುರಸಭೆಯವರು ತರಕಾರಿ ಬೆಳೆಯಲು ನಮಗೆಲ್ಲ ಒಂದೊಂದು ಪಾತಿ ಜಾಗ ಕೊಟ್ಟಿದ್ದಾರೆ. ಭಾನುವಾರ ಜನ ಚರ್ಚಿನಲ್ಲಿ ಹಾಡುತ್ತಿರುವಾಗ ಹೆಡ್ಲಿ ಅಲ್ಲಿಗೆ ಹೋಗಿ, ರೂಬಾರ್ಬ್ ಎಂಬ ಹುಳಿದಂಟಿನ ಗಿಡಗಳ ಬುಡದಲ್ಲಿ ಗುಂಡಿ ತೋಡಿ, ಚೀಲ ಸಮೇತ ಹೂತು ಬರುತ್ತಿದ್ದ. ಒಮ್ಮೆ ನರಿಯೊಂದು ಬಂದು ಅಗೆದು, ಮೂಸಿ ನೋಡಿ, ಮತ್ತೆ ಮಣ್ಣು ಮುಚ್ಚಿ ಹೋಯಿತು. ಇದನ್ನು ನಾನು ಕಣ್ಣಾರೆ ಕಂಡೆ, ಏಕೆಂದರೆ ನನ್ನ ಪಾತಿ ಎರಡು ಸಾಲು ಆಚೆ. ಹೆಡ್ಲಿ ಹೂಳುವುದನ್ನೂ ಕಂಡೆ. ಅವನನ್ನು ಏನಾದರೂ ಕೇಳಿದೆನೇ? ಇಲ್ಲ, “ಒಳ್ಳೇ ಬಿಸಿಲು” ಎಂದೆ. ನಾನೂ ನಮ್ಮೂರಿನವನೇ.

ರೂಬಾರ್ಬ್ ಮಾತ್ರ ಮಗುವಿನ ತೋಳಿನಷ್ಟು ದಪ್ಪ ಕೆಂಪು ದಂಟು ಬಿಟ್ಟಿತು. ಊರ ತರಕಾರಿ ಪ್ರದರ್ಶನದಲ್ಲಿ ಎರಡು ವರ್ಷವೂ ಹೆಡ್ಲಿಗೇ ಮೊದಲ ಬಹುಮಾನ. ಅದಕ್ಕೆ ಮೊದಲು ಒಂಬತ್ತು ವರ್ಷ ಆ ಬಹುಮಾನ ಪಡೆಯುತ್ತಿದ್ದವಳು ಅವನ ಪಕ್ಕದ ಪಾತಿಯ ಎನಿಡ್ ಕ್ರಾಬ್‌ಟ್ರೀ. ಎಪ್ಪತ್ತು ದಾಟಿದ ವಿಧವೆ. ಇಡೀ ಹ್ಯಾಸಲ್‌ಫರ್ಡಿನಲ್ಲಿ ಬಾಯಿಗೆ ಬಂದದ್ದನ್ನು ಹೇಳುವ ಏಕೈಕ ವ್ಯಕ್ತಿ ಅವಳು, ಅದರಿಂದಾಗಿ ಅವಳನ್ನು ಯಾರೂ ಟೀಗೆ ಕರೆಯುತ್ತಿರಲಿಲ್ಲ. ಹಿಂದಿನ ಸಲ ಫ್ರೆಂಚರು ಕೊಟ್ಟ ವೈನನ್ನು ಕುಡಿದು, “ಇದರಲ್ಲಿ ಕಿಟಕಿ ಒರೆಸಬಹುದು” ಎಂದವಳು. ಫ್ರೆಂಚರು ಅವಳನ್ನು ಕಂಡರೆ ಎದ್ದು ನಿಲ್ಲುತ್ತಾರೆ.

“ಹೆಡ್ಲಿ, ನಿನ್ನ ಪಾತಿ ನಾರ್ತಿದೆ ಕಣಯ್ಯಾ,” ಎಂದು ಅವಳು ಬೇಲಿಯಾಚೆಯಿಂದ ಹೇಳುತ್ತಿದ್ದಳು. “ಏನು ಹಾಕ್ತೀಯಾ ಬುಡಕ್ಕೆ?”

“ಬರೀ ಗೊಬ್ಬರ, ಎನಿಡ್.”

“ಯಾವ ಪ್ರಾಣೀದು? ಅದು ಸತ್ತು ಎಷ್ಟು ದಿನ ಆಗಿತ್ತು?”

ಹೀಗಿರುವಾಗ ಈ ವರ್ಷ ಏಪ್ರಿಲ್‌ನಲ್ಲಿ ಮೊದ್ವಿಯಿಂದ ಒಂದು ಪತ್ರ ಬಂತು. ವಿಲ್‌ಬ್ರುನ್‌ನಲ್ಲಿ ಆಂದುಯೆತ್ ಬಂಧುಗಳ ಬಳಗ ಎಂದು ಒಂದಿದೆಯಂತೆ. ಕೆಂಪು ನಿಲುವಂಗಿ ತೊಟ್ಟು, ಹಂದಿಯ ಪದಕ ನೇತುಹಾಕಿಕೊಂಡು, ವರ್ಷಕ್ಕೆ ನಾಲ್ಕು ಸಲ ಸಾಸೇಜಿನ ಗೌರವಾರ್ಥ ಮೆರವಣಿಗೆ ಹೋಗುತ್ತಾರಂತೆ. ಬೆಳೆದ ಗಂಡಸರು! ನಾವು ಇವರನ್ನು ನಾಗರಿಕರೆಂದು ತಿಳಿದು ಅವಳಿ ಊರು ಮಾಡಿಕೊಂಡೆವು. ಮೊದ್ವಿ ಆ ಬಳಗದ ಹಿರಿಯ ಯಜಮಾನ. ಅವನು ಬರೆದಿದ್ದ: “ನಿನ್ನ ಹನ್ನೊಂದು ಪತ್ರಗಳನ್ನೂ ಬಳಗದ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಇಬ್ಬರು ಅತ್ತರು. ಈಗ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ. ಬಳಗದ ಇತಿಹಾಸದಲ್ಲೇ ಮೊದಲ ಬಾರಿಗೆ ಪರದೇಶದವನೊಬ್ಬನನ್ನು ಸೇರಿಸಿಕೊಳ್ಳಲು ತೀರ್ಮಾನವಾಗಿದೆ. ಮೇ ತಿಂಗಳಲ್ಲಿ ನಿಮ್ಮೂರಿಗೆ ಬಂದಾಗ, ನಿಮ್ಮ ಪುರಭವನದಲ್ಲೇ ಸಮಾರಂಭ. ಪದ್ಧತಿಯಂತೆ ನೀನು ಎಲ್ಲರೆದುರು ನಿಂತು ಒಂದು ಪೂರ್ತಿ ಆಂದುಯೆತ್ ತಿನ್ನಬೇಕು. ಬ್ರೆಡ್ಡಿಲ್ಲ, ಸಾಸಿವೆಯಿಲ್ಲ, ನೀರಿಲ್ಲ.”

ಹೆಡ್ಲಿ ಪತ್ರವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅದೇ ವಾರ ಮೇಜರ್ ವಿಂಡಮ್, ತಮಗೆ ಎಂಬತ್ತನಾಲ್ಕಾಯಿತು, ಸಮಾರಂಭ ನಡೆಯುವ ಭಾನುವಾರವೇ ಹೊಸ ಅಧ್ಯಕ್ಷರನ್ನು ಆರಿಸಿಬಿಡಿ ಎಂದು ಸಾರಿದರು. ಸ್ಪರ್ಧೆಗೆ ಇಬ್ಬರು, ಹೆಡ್ಲಿ ಮತ್ತು ಎನಿಡ್.

“ಫ್ರೆಂಚರೇ ಅವನಿಗೆ ನಿಲುವಂಗಿ ತೊಡಿಸ್ತಾರಂತಲ್ಲಯ್ಯಾ!” ಎಂದರು ಮೇಜರ್ ನನ್ನ ಬಳಿ. “ಇನ್ನೇನು ಚುನಾವಣೆ? ಬಣ್ಣ ಬರೆಯೋನಿಗೆ ಹೇಳಿಬಿಡು.”

“ಈಗಲಾದ್ರೂ ನಿಜ ಹೇಳ್ಬಿಡು,” ಎಂದಳು ಮ್ಯೂರಿಯಲ್ ಗಂಡನಿಗೆ.

“ಈಗ ಹೇಳಿದ್ರೆ ಹನ್ನೊಂದು ಪತ್ರಾನೂ ಸುಳ್ಳು ಅಂತಾಗುತ್ತೆ. ಸುಳ್ಳುಗಾರನ ಹೆಸರನ್ನ ಹಲಗೆ ಮೇಲೆ ಬರೆಸ್ತಾರಾ?”

“ಆ ಹಲಗೆ ಮೇಲಿರೋರೆಲ್ಲ ಮತ್ತೆ ಯಾರು ಅಂದ್ಕೊಂಡಿದೀಯಾ?”

ನಿಜ ಹೇಳುವ ಬದಲು ಹೆಡ್ಲಿ ಕಾಲಿಗೆ ಪಟ್ಟಿ ಸುತ್ತಿಕೊಂಡ. ಶನಿವಾರ ಬೆಳಿಗ್ಗೆ ಸಂತೆ ಮಾಳದಲ್ಲಿ ಫ್ರೆಂಚರ ಬಸ್ಸು ಬಂದು ನಿಂತಾಗ, ಅವನು ಹೆಂಡತಿಯ ಹೆಗಲ ಮೇಲೆ ಕೈಹಾಕಿ ಕುಂಟುತ್ತಾ ಬಂದ. ಮೊದ್ವಿ ಅವನ ಎರಡೂ ಕೆನ್ನೆಗೆ ಎರಡೆರಡು ಸಲ ಮುತ್ತಿಟ್ಟ.

“ಕಾಲಿಗೆ ಏನಾಯ್ತು, ಗೆಳೆಯಾ?”

“ಕೀಲುವಾತ, ಲ್ಯೂಸಿಯಾನ್. ಡಾಕ್ಟರು ಹಂದಿ ಕರುಳನ್ನ ಕಣ್ಣಲ್ಲೂ ನೋಡಬೇಡ ಅಂದಿದಾರೆ. ನನಗೆ ಎಷ್ಟು ದುಃಖ ಆಗಿದೆ ಅಂದ್ರೆ—”

ಮೊದ್ವಿ ಬಸ್ಸಿನ ಕಡೆ ತಿರುಗಿ ಏನೋ ಕೂಗಿದ. ಒಳಗಿದ್ದ ಬಳಗದವರು ಒಬ್ಬೊಬ್ಬರಾಗಿ ಇಳಿದರು. ಆರೂ ಜನ ಕುಂಟುತ್ತಿದ್ದರು.

“ನೋಡು,” ಎಂದ ಮೊದ್ವಿ ಹೆಮ್ಮೆಯಿಂದ. “ಕೀಲುವಾತ ಇಲ್ಲದವನನ್ನ ನಾವು ಬಳಗಕ್ಕೆ ಸೇರಿಸೋದೇ ಕಷ್ಟ. ನೀನು ತಯಾರಾಗೇ ಬಂದಿದೀಯ!”

ಮಧ್ಯಾಹ್ನದ ಕಾರ್ಯಕ್ರಮದಲ್ಲಿ ತರಕಾರಿ ಪಾತಿಗಳ ದರ್ಶನವಿತ್ತು. ಪ್ರಶಸ್ತಿ ವಿಜೇತ ರೂಬಾರ್ಬನ್ನು ನೋಡಲೇಬೇಕೆಂದು ಮೊದ್ವಿ ಹಟ ಹಿಡಿದ. ಹೆಡ್ಲಿಯ ಪಾತಿಯ ಹತ್ತಿರ ಬರುತ್ತಿದ್ದಂತೆ ಅವನ ಮೀಸೆ ನೆಟ್ಟಗಾಯಿತು. ಮೂಗು ಮೇಲೆತ್ತಿ ಗಾಳಿಯನ್ನು ಎಳೆದುಕೊಂಡ. “ಇಲ್ಲಿ ನನಗೆ ಯಾಕೋ ಮನೆ ನೆನಪಾಗ್ತಿದೆ,” ಎಂದ.

ಬೇಲಿಯಾಚೆ ಎನಿಡ್ ಮಣ್ಣು ಅಗೆಯುವ ಕವೆಗೋಲು ಹಿಡಿದು ಕಾಯುತ್ತಲೇ ಇದ್ದಳು. “ಬರೀ ದಂಟು ನೋಡಿದ್ರೆ ಆಯ್ತಾ? ನೆಂಟರಿಗೆ ಬೇರನ್ನೂ ತೋರಿಸೋಣ,” ಎಂದವಳೇ ಬೇಲಿ ದಾಟಿ ಬಂದು ರೂಬಾರ್ಬಿನ ಬುಡಕ್ಕೆ ಕವೆಗೋಲು ಚುಚ್ಚಿ ಎತ್ತಿದಳು. ಮೊದಲ ಸಲಕ್ಕೆ ಹನ್ನೆರಡು ತಗಡಿನ ಬಿಲ್ಲೆ ಬಂದವು. ಎರಡನೇ ಸಲಕ್ಕೆ ಮೊದ್ವಿ ಅಂಗಡಿಯ ಮುದ್ರೆಯಿದ್ದ ಒಂದು ಇಡೀ ಚೀಲವೇ ಬಂತು. ಕಪ್ಪಗೆ, ಒದ್ದೆಯಾಗಿ, ಐದು ತಿಂಗಳ ಹಿಂದಿನ ಕ್ರಿಸ್‌ಮಸ್ಸಿನ ಚೀಲ.

ಮೇಜರ್ ಟೋಪಿ ತೆಗೆದರು, ಹೆಣ ಸಿಕ್ಕಿತೆಂದು ತಿಳಿದಿರಬೇಕು. ಎನಿಡ್ ಸೊಂಟದ ಮೇಲೆ ಕೈಯಿಟ್ಟು, ಮೊದ್ವಿ ಬೆಳಿಗ್ಗೆಯಿಂದ ಎಲ್ಲರಿಗೂ ಒಪ್ಪಿಸುತ್ತಿದ್ದ ಪತ್ರದ ಮಾತನ್ನೇ ಹಿಡಿದು, “ಈಗ ಹೇಳು, ಹೆಡ್ಲಿ. ಕೊನೆಯ ಚೂರಿನವರೆಗೂ ಮುಗಿದುಹೋಗಿತ್ತಲ್ಲಾ?” ಎಂದಳು.

ಇದು ದೇವರು ಹೆಡ್ಲಿಗೆ ಕೊಟ್ಟ ಕೊನೆಯ ಅವಕಾಶ. ತಲೆ ತಗ್ಗಿಸಿ ಒಂದು ಸಾಲು ನಿಜ ಹೇಳಿದ್ದರೆ ಸಾಕಿತ್ತು. ಆದರೆ ಮೊದ್ವಿಯ ಮೀಸೆಯ ತುದಿ ನಡುಗುತ್ತಿತ್ತು, ಕಣ್ಣು ತುಂಬಿತ್ತು. ಅತಿಥಿಯ ಕಣ್ಣಲ್ಲಿ ನೀರು ಕಂಡರೆ ನಮ್ಮೂರಿನವನ ನಾಲಿಗೆ ತಾನಾಗಿಯೇ ಸುಳ್ಳಿನ ಕಡೆ ಹೊರಳುತ್ತದೆ.

“ಮಾಗಿಸೋಕೆ ಇಟ್ಟಿದ್ದೆ, ಲ್ಯೂಸಿಯಾನ್,” ಎಂದ ಹೆಡ್ಲಿ. “ಹೊಸದಾಗಿ ತಿಂದ್ರೆ ನಿನ್ನ ಕೈಕೆಲಸಕ್ಕೆ ಅವಮಾನ. ಮಣ್ಣಲ್ಲಿ ತಿಂಗಳುಗಟ್ಟಲೆ ಬಿಟ್ರೆ ರುಚಿ ಬರುತ್ತೆ. ನಮ್ಮ ಅಜ್ಜನ ಕಾಲದ ಪದ್ಧತಿ.”

ಮೊದ್ವಿ ಕೆಸರಿನಲ್ಲೇ ಮಂಡಿಯೂರಿದ. ಚೀಲವನ್ನು ಎರಡು ಕೈಯಲ್ಲಿ ಎತ್ತಿಕೊಂಡು, “ಚೀಸನ್ನ ಮಾಗಿಸ್ತೀವಿ. ವೈನನ್ನ ಮಾಗಿಸ್ತೀವಿ. ನಾಲ್ಕು ನೂರು ವರ್ಷ ಈ ಬುದ್ಧಿ ನಮಗೆ ಹೊಳೀಲಿಲ್ಲವಲ್ಲ!” ಎಂದು ಕೂಗಿದ. ಬಳಗದ ಆರೂ ಜನ ಕುಂಟುತ್ತಾ ಬಂದು ಸುತ್ತ ನಿಂತು ತಲೆದೂಗಿದರು. ಮೊದ್ವಿ ಎದ್ದು ನಿಂತು ಘೋಷಿಸಿದ, “ನಾಳೆ ಅಂಗಡಿಯಿಂದ ತಂದದ್ದು ಬೇಡ. ನಾಳೆ ನನ್ನ ಗೆಳೆಯ ಇದನ್ನೇ ತಿಂತಾನೆ!”

ಹೆಡ್ಲಿ “ಬಹಳ ಸಂತೋಷ” ಎಂದ. ಎನಿಡ್ ಕವೆಗೋಲನ್ನು ನೆಲಕ್ಕೆ ಊರಿ ಅವನನ್ನೇ ನೋಡುತ್ತಾ ನಿಂತಳು. ಆ ನೋಟದಲ್ಲಿ ಮೊದಲ ಬಾರಿಗೆ ಸ್ವಲ್ಪ ಗೌರವವಿತ್ತು ಎಂದು ನನಗನ್ನಿಸಿತು.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಪುರಭವನ ತುಂಬಿತ್ತು. ಒಂದು ಬದಿಗೆ ನಮ್ಮ ಹೆಂಗಸರು ಮಾಡಿದ ಸೌತೆಕಾಯಿ ಸ್ಯಾಂಡ್‌ವಿಚ್‌ಗಳು. ಫ್ರೆಂಚರು ಅವನ್ನು ಎತ್ತಿ, ಒಳಗೆ ನೋಡಿ, ಏನಾದರೂ ಬಿದ್ದುಹೋಯಿತೇ ಎಂದು ನೆಲವನ್ನೂ ನೋಡಿ ಇಡುತ್ತಿದ್ದರು. ಪುರಸಭೆಯ ಅಧ್ಯಕ್ಷೆ ಕೊರಳಿಗೆ ಅಧಿಕಾರದ ಸರಪಣಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಬಳಗದವರು ಕೆಂಪು ನಿಲುವಂಗಿಯಲ್ಲಿ ಸಾಲಾಗಿ ನಿಂತಿದ್ದರು. ವೇದಿಕೆಯ ನಡುವೆ ಒಂದು ಮೇಜು, ಮೇಜಿನ ಮೇಲೆ ಬೆಳ್ಳಿಯ ತಟ್ಟೆ, ತಟ್ಟೆಯ ಮೇಲೆ ಮುಚ್ಚಳ. ಮೊದ್ವಿ ಮುಚ್ಚಳ ತೆಗೆದ. ಸರಪಣಿಯ ಅಧ್ಯಕ್ಷೆ ಎದ್ದು ಹಿಂದಿನ ಸಾಲಿಗೆ ಹೋದರು. ಹಿಂದಿನ ಸಾಲಿನವರು ಹೊರಗೆ ಹೋದರು.

ಹೆಡ್ಲಿ ತಟ್ಟೆಯನ್ನು ನೋಡಿದ. ತಲೆಯೆತ್ತಿ ಗೋಡೆಯ ಹಲಗೆಯನ್ನು ನೋಡಿದ. ಮೇಜರ್ ಅವರ ಹೆಸರಿನ ಕೆಳಗೆ ಬಣ್ಣ ಬರೆಯುವವನು ಆಗಲೇ ಸೀಸದ ಕಡ್ಡಿಯಿಂದ ಗೆರೆ ಹಾಕಿಟ್ಟಿದ್ದ. ಹೆಡ್ಲಿ ಮತ್ತೆ ತಟ್ಟೆಯನ್ನು ನೋಡಿದ. ಆ ಮೇಲೆ, ಅರವತ್ತಾರು ವರ್ಷದಲ್ಲಿ ಮಾಡದ ಕೆಲಸವೊಂದನ್ನು ಮಾಡಿದ. ಅವನನ್ನು ಇಷ್ಟು ಹೊತ್ತು ಆಡಿಕೊಂಡವನು ನಾನು, ಆದರೆ ಆ ಕ್ಷಣ ಬರೆಯುವುದನ್ನು ಬಿಟ್ಟು ಪೆನ್ನು ಕೆಳಗಿಟ್ಟೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆ ಹಲಗೆಯನ್ನು ಅವನು ತಾನಾಗಿಯೇ ಬಿಟ್ಟುಕೊಡಲು ಹೊರಟಿದ್ದ.

“ನಾನು ಒಂದು ಮಾತು ಹೇಳ್ಬೇಕು,” ಎಂದ. “ನಾನು ಸುಳ್ಳು ಹೇಳಿದೀನಿ. ನನಗೆ ಆಂದುಯೆತ್ ಇಷ್ಟ ಇಲ್ಲ. ವಾಸನೆ ಬಂದ್ರೆ ವಾಂತಿ ಬರುತ್ತೆ. ಹತ್ತು ಪೊಟ್ಟಣದಲ್ಲಿ ಒಂದು ಚೂರೂ ತಿಂದಿಲ್ಲ, ಎಲ್ಲಾ ಹೂತುಹಾಕಿದೀನಿ. ಮಾಗಿಸೋದು ಗೀಗಿಸೋದು ಏನೂ ಇಲ್ಲ. ಪತ್ರದಲ್ಲಿ ಬರೆದಿದ್ದೆಲ್ಲಾ ಸುಳ್ಳು. ಕಾಲೂ ನೆಟ್ಟಗಿದೆ.” ಹೀಗೆಂದು ಪಟ್ಟಿ ಬಿಚ್ಚಿ ಎಸೆದು ಎರಡು ಸಲ ನೆಗೆದು ತೋರಿಸಿದ.

ಮೊದ್ವಿ ಒಂದೊಂದು ಮಾತನ್ನೂ ತನ್ನವರಿಗೆ ಫ್ರೆಂಚಿನಲ್ಲಿ ಹೇಳಿದ. ಆಮೇಲೆ ಬಳಗದ ಅತಿ ಹಿರಿಯ ಮುದುಕನೊಬ್ಬ ಕಿಸಕ್ಕೆಂದ. ಇನ್ನೊಬ್ಬ ಹೊಟ್ಟೆ ಹಿಡಿದುಕೊಂಡ. ಮೊದ್ವಿ ಮೇಜು ಗುದ್ದಿ ಗುದ್ದಿ ನಕ್ಕ. “ಇಂಗ್ಲಿಷರ ಹಾಸ್ಯ!” ಎಂದು ಕಣ್ಣೊರೆಸಿಕೊಂಡ. “ಕೇಳಿದ್ದೆ, ಇವತ್ತು ಕಂಡೆ! ಮುಖ ಒಂಚೂರೂ ಸಡಿಲ ಆಗ್ಲಿಲ್ಲ ನೋಡಿ!”

“ಹಾಸ್ಯ ಅಲ್ಲ, ಲ್ಯೂಸಿಯಾನ್! ನಿಜ!”

“ಆಹಾ! ಮತ್ತೆ ಅದೇ ಮುಖ!”

“ಮ್ಯೂರಿಯಲ್, ನೀನಾದ್ರೂ ಹೇಳು!”

ಮ್ಯೂರಿಯಲ್ ಎದ್ದಳು. “ಅವನು ಹೇಳ್ತಿರೋದು ಪೂರ್ತಿ ನಿಜ. ಎರಡು ವರ್ಷದಿಂದ ನಾನೂ ಇದನ್ನೇ ಬಡ್ಕೊಳ್ತಿದೀನಿ,” ಎಂದಳು. ಗಂಡ ಹೆಂಡತಿ ಇಬ್ಬರೂ ಸೇರಿ ಎಷ್ಟು ದಿನ ಅಭ್ಯಾಸ ಮಾಡಿದರೋ ಎಂದು ಫ್ರೆಂಚ್ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಮ್ಮವರೂ ನಕ್ಕರು. ಅತಿಥಿಗಳು ನಗುವಾಗ ನಗದಿರುವುದು ಸಭ್ಯತೆಯಲ್ಲ.

ಹೆಡ್ಲಿ ಬೆವರುತ್ತಾ ಸಭೆಯನ್ನು ಹುಡುಕಿದ. ಮೂರನೇ ಸಾಲಿನಲ್ಲಿ ಎನಿಡ್ ಕ್ರಾಬ್‌ಟ್ರೀ ಕೂತಿದ್ದಳು. ಅವನ ಮುಖ ಅರಳಿತು.

“ಎನಿಡ್! ನೀನು ಜೀವಮಾನದಲ್ಲಿ ಯಾರನ್ನೂ ಹೊಗಳಿದವಳಲ್ಲ. ನೀನು ಹೇಳಿದ್ರೆ ಇವರು ನಂಬ್ತಾರೆ. ಅಧ್ಯಕ್ಷಗಿರಿ ನೀನೇ ಇಟ್ಕೋ. ರೂಬಾರ್ಬ್ ಬಹುಮಾನಾನೂ ವಾಪಸ್ ಕೊಡ್ತೀನಿ. ಕಂಡಿದ್ದು ಕಂಡ ಹಾಗೆ ಹೇಳ್ಬಿಡು!”

ಎನಿಡ್ ನಿಧಾನವಾಗಿ ಎದ್ದಳು. ಫ್ರೆಂಚರು ನಗು ನಿಲ್ಲಿಸಿ ಗೌರವದಿಂದ ನೆಟ್ಟಗೆ ನಿಂತರು. ಅವಳು ಹೆಡ್ಲಿಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ಕೈಚೀಲವನ್ನು ಸರಿಮಾಡಿಕೊಂಡಳು. ಎಪ್ಪತ್ತು ವರ್ಷ ಯಾರಿಗೂ ತೋರಿಸದೆ ಉಳಿಸಿಟ್ಟಿದ್ದ ಸಭ್ಯತೆಯನ್ನೆಲ್ಲ ಅವಳು ಆ ಒಂದೇ ನಿಮಿಷದಲ್ಲಿ ಖರ್ಚು ಮಾಡಿದಳು.

“ಬಂಟಿಂಗ್ ಅವರದು ಬಹಳ ಸಂಕೋಚದ ಸ್ವಭಾವ,” ಎಂದಳು. “ಈ ತಿಂಡೀನ ಅವರಷ್ಟು ಪ್ರೀತಿಸೋರು ಇಡೀ ಇಂಗ್ಲೆಂಡಿನಲ್ಲೇ ಇಲ್ಲ. ಪಕ್ಕದ ಪಾತಿಯವಳು ನಾನು, ನನಗೆ ಗೊತ್ತು. ಅಧ್ಯಕ್ಷ ಸ್ಥಾನಕ್ಕೂ ಅವರೇ ತಕ್ಕವರು. ನಾನು ಹೆಸರು ಹಿಂದೆ ತಗೋತೀನಿ. ತಿನ್ನಿ, ಬಂಟಿಂಗ್ ಅವರೇ. ಬಿಸಿ ಇರುವಾಗಲೇ ತಿನ್ನಿ.”

ಚಪ್ಪಾಳೆ ಸೂರಿಗೆ ಮುಟ್ಟಿತು. ಮೇಜರ್ ಸುತ್ತಿಗೆ ಬಡಿದು, “ಅವಿರೋಧ ಆಯ್ಕೆ!” ಎಂದರು. ಮೊದ್ವಿ ಹೆಡ್ಲಿಗೆ ಕೆಂಪು ನಿಲುವಂಗಿ ತೊಡಿಸಿ, ಕೊರಳಿಗೆ ಹಂದಿ ಹಾಕಿ, ಕೈಗೆ ಮುಳ್ಳುಚಮಚ ಕೊಟ್ಟ. ಇಡೀ ಸಭೆ ಅವನನ್ನೇ ನೋಡುತ್ತಿತ್ತು. ಈಗಲೂ ಅವನು ಚಮಚ ಎಸೆದು ಬಾಗಿಲಿನಿಂದ ಓಡಿಹೋಗಬಹುದಿತ್ತು. ಕಾಲು ನೆಟ್ಟಗಿತ್ತಲ್ಲ. ಆದರೆ ಇನ್ನೂರು ಜನ ಕಾಯುತ್ತಿರುವಾಗ ತಟ್ಟೆ ಬಿಟ್ಟು ಏಳುವುದನ್ನು ಅವನ ತಾಯಿ ಕಲಿಸಿರಲಿಲ್ಲ.

ಅವನು ಒಂದು ತುತ್ತು ತಿಂದ.

“ಹೇಗಿದೆ, ಗೆಳೆಯಾ?” ಎಂದ ಮೊದ್ವಿ.

“ಬಹಳ...” ಎಂದ ಹೆಡ್ಲಿ. ಅಷ್ಟರಲ್ಲಿ ಮೇಜು, ತಟ್ಟೆ, ನಿಲುವಂಗಿ ಸಮೇತ ಮೇಜರ್ ಅವರ ಮೇಲೆ ಬಿದ್ದ. ಭಾವೋದ್ವೇಗ ತಡೆಯಲಾಗಲಿಲ್ಲ ಎಂದು ಬಳಗದವರು ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಆಂಬುಲೆನ್ಸಿನವರು ಅವನನ್ನು ಎತ್ತಿಕೊಂಡು ಹೋಗುವಾಗ ಎಲ್ಲರೂ ಎದ್ದು ನಿಂತು ಹಾಡಿದರು. ‘ಸಮಾರಂಭ ಸುಗಮವಾಗಿ ಮುಗಿಯಿತು’ ಎಂದು ನಾನು ಪುಸ್ತಕದಲ್ಲಿ ಬರೆದೆ.

ಮಂಗಳವಾರ ನಾನು ಮ್ಯೂರಿಯಲ್ ಜೊತೆ ಆಸ್ಪತ್ರೆಗೆ ಹೋದಾಗ ಹೆಡ್ಲಿ ದಿಂಬಿಗೆ ಒರಗಿ ಕೂತಿದ್ದ. ಮುಖ ಸೌತೆಕಾಯಿಯ ಬಣ್ಣಕ್ಕಿತ್ತು. ಹಲಗೆಯ ಮೇಲೆ ಹೆಸರು ಬರೆದಾಯಿತು, ಬಣ್ಣ ಒಣಗುತ್ತಿದೆ ಎಂದೆ. ಅವನು ಕಣ್ಣು ಮುಚ್ಚಿಕೊಂಡ. ಮತ್ತೆ ತೆರೆದು, “ಇವತ್ತು ಮಂಗಳವಾರ ಅಲ್ವಾ? ಮ್ಯೂರಿಯಲ್, ಕಾಗದ ತಂದಿದೀಯಾ?” ಎಂದು ಕೇಳಿದ.

ಮ್ಯೂರಿಯಲ್ ಚೀಲದಿಂದ ಕಾಗದ ತೆಗೆದು ಅವನ ತೊಡೆಯ ಮೇಲಿಟ್ಟಳು. “ಬರಿ. ಆದ್ರೆ ಈ ಸಲ ನಿಜ ಬರಿ. ಇಲ್ಲಾಂದ್ರೆ ಇನ್ಮೇಲೆ ನಿನ್ನ ಅಡುಗೆ ನೀನೇ ಮಾಡ್ಕೊ.”

ಪೆನ್ನು ಎರಡು ಸಲ ಕಾಗದದ ಹತ್ತಿರ ಹೋಗಿ ಹಿಂದೆ ಬಂತು. ಕೊನೆಗೆ ತಲೆ ತಗ್ಗಿಸಿ ಬರೆದ. ಮ್ಯೂರಿಯಲ್ ಅದನ್ನು ಕೈಗೆತ್ತಿಕೊಂಡು ಓದಿದಳು: “ಪ್ರೀತಿಯ ಲ್ಯೂಸಿಯಾನ್, ಭಾನುವಾರ ಒಂದೇ ತುತ್ತು ತಿನ್ನಲಾಯಿತಲ್ಲ ಎಂಬುದೇ ನನ್ನ ಕೊರಗು.” ಪತ್ರವನ್ನು ಹಾಸಿಗೆಯ ಮೇಲಿಟ್ಟು, ಕೋಟು ತೊಟ್ಟು, ತನ್ನ ತಂಗಿಯ ಮನೆಗೆ ಹೋದಳು. ಈಗಲೂ ಅಲ್ಲೇ ಇದ್ದಾಳೆ.

ಈ ವರ್ಷದ ರೂಬಾರ್ಬ್ ಬಹುಮಾನ ಎನಿಡ್‌ಗೆ ಬಂತು. ಹೆಡ್ಲಿಯ ಪಾತಿಯಿಂದ ಹತ್ತು ಬುಟ್ಟಿ ಮಣ್ಣು ಹೊತ್ತು ತನ್ನ ಪಾತಿಗೆ ಹಾಕಿಕೊಂಡಿದ್ದಳು. ಜೂನ್ ಕೊನೆಯಲ್ಲಿ ವಿಲ್‌ಬ್ರುನ್‌ನಿಂದ ಸಂಘಕ್ಕೆ ಒಂದು ಪತ್ರ ಬಂತು. ಬಳಗದವರು ಮೊದ್ವಿಯ ಹಿತ್ತಲಲ್ಲಿ ನಲವತ್ತು ಡಜನ್ ಆಂದುಯೆತ್ ಹೂತಿದ್ದಾರಂತೆ. ಅದಕ್ಕೆ ಬಂಟಿಂಗ್ ಪದ್ಧತಿ ಎಂದೇ ಹೆಸರಿಟ್ಟಿದ್ದಾರಂತೆ. ಅಗೆದು ತೆಗೆದ ಮೊದಲ ಚೀಲ ಪ್ರತಿ ತಿಂಗಳೂ, ಹೆಡ್ಲಿ ಬದುಕಿರುವವರೆಗೆ, ಅವನಿಗೇ ಮೀಸಲಂತೆ.

ಮೊದಲ ಚೀಲ ಬಂದ ದಿನ ನಾನು ಆ ಬೀದಿಯಲ್ಲೇ ಹೋಗುತ್ತಿದ್ದೆ. ಪೋಸ್ಟ್‌ಮನ್ ಅದನ್ನು ಕೋಲಿನ ತುದಿಯಲ್ಲಿ ಹಿಡಿದು ಬಾಗಿಲಿಗೆ ಮುಟ್ಟಿಸಿ ಓಡಿದ. ಹೆಡ್ಲಿ ಬಾಗಿಲು ತೆರೆದು ಅದನ್ನು ಒಳಗೆ ತೆಗೆದುಕೊಂಡ. ಕಿಟಕಿಯಿಂದ ನನಗೆ ಮೇಜು ಕಾಣುತ್ತಿತ್ತು. ಒಂದೇ ತಟ್ಟೆ, ಅದರಲ್ಲಿ ಬ್ರೆಡ್ಡು. ಅವನು ಚೀಲವನ್ನು ಬಿಚ್ಚಲೇ ಇಲ್ಲ. ದೂರದ ಮೂಲೆಯಲ್ಲಿಟ್ಟು ಬಂದು, ಕುರ್ಚಿ ಎಳೆದುಕೊಂಡು ಕೂತು, ಕಾಗದ ತೆಗೆದು ಬರೆಯತೊಡಗಿದ.